ಚೌಕ, ವೃತ್ತ, ಸಣ್ಣ ತ್ರಿಕೋನ

ನನ್ನ ಅವ್ವನ ಎಡಗಿವಿ ಕೇಳುವುದಿಲ್ಲ. ಆ ಕಿವಿ ಒಡೆದದ್ದು ಅಪ್ಪನ ಕೈ. ಆ ಕೈಗೆ ಬಲ ಕೊಟ್ಟದ್ದು ಒಂದು ಕಾಗದ. ಆ ಕಾಗದ ಬರೆದುಕೊಟ್ಟದ್ದು ದೊಡ್ಡಾಸ್ಪತ್ರೆ. ಇದುವರೆಗೆ ಇವುಗಳಲ್ಲಿ ಯಾವುದಕ್ಕೂ ಏನೂ ಆಗಿಲ್ಲ.

ನನಗಾಗ ಹತ್ತು ವರ್ಷ. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ನಿಂತಿದ್ದೆ. ಅವನಿಗೆ ಐದು. ಅವನನ್ನು ನೆಲಕ್ಕೆ ಬಿಡುವಂತಿರಲಿಲ್ಲ. ಬಿದ್ದರೆ ಮೊಣಕಾಲು ಚೆಂಡಿನಷ್ಟು ಊದುತ್ತಿತ್ತು. ಎಲ್ಲಿ ಗೀರಿದರೂ ರಕ್ತ ನಿಲ್ಲುತ್ತಿರಲಿಲ್ಲ. ಬಿಳಿ ಕೋಟಿನ ಮೇಡಂ ಹಾಳೆಯ ಮೇಲೆ ನಮ್ಮ ವಂಶದ ಚಿತ್ರ ಬರೆದರು. ಚೌಕ ಅಂದರೆ ಗಂಡು, ವೃತ್ತ ಅಂದರೆ ಹೆಣ್ಣು. ತಮ್ಮನ ಚೌಕಕ್ಕೆ ಪೂರ್ತಿ ಮಸಿ ತುಂಬಿದರು. ಅವ್ವನ ವೃತ್ತದ ನಡುವೆ ಒಂದು ಚುಕ್ಕೆ ಇಟ್ಟರು. ಅಪ್ಪನ ಚೌಕವನ್ನು ಖಾಲಿ ಬಿಟ್ಟರು.

“ಇದು ತಾಯಿ ಕಡೆಯಿಂದ ಬಂದಿರೋ ಕಾಯಿಲೆ. ತಂದೇಲಿ ಏನೂ ದೋಷ ಇಲ್ಲ. ಇಬ್ರೂ ಸಹಿ ಹಾಕಿ” ಅಂದರು.

ಹತ್ತು ನಿಮಿಷವೂ ಆಗಿರಲಿಲ್ಲ. ಹೊರಗೆ ಇನ್ನೂ ಹದಿನೆಂಟು ಸಂಸಾರ ಕಾಯುತ್ತಿತ್ತು. ಅವ್ವ ಹೆಬ್ಬೆಟ್ಟು ಒತ್ತಿದಳು. ಅಪ್ಪ ಸಹಿ ಹಾಕಿ, ಹಾಳೆಯ ಒಂದು ಪ್ರತಿ ಮಡಿಸಿ ಜೇಬಿಗಿಟ್ಟುಕೊಂಡ. ಅವನು ಗೋದಾಮಿನಲ್ಲಿ ಮೂಟೆ ಹೊರುವವನು. ಒಂದು ಕಾಗದವನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮನೆಯ ಬಾಗಿಲು ಹಾಕುವ ಮೊದಲೇ ಶುರುವಾಯಿತು.

“ದೋಷ ನಿಂದು. ನಾನಂದಿದ್ದಲ್ಲ, ಡಾಕ್ಟ್ರೇ ಬರ್ದು ಕೊಟ್ಟಿದ್ದಾರೆ.”

ಮೊದಲ ಏಟು ಕಿವಿಗೆ. ಅವ್ವ ಗೋಡೆಗೆ ಹೋಗಿ ಅಪ್ಪಳಿಸಿದಳು. ಅವಳ ಕೂದಲು ಹಿಡಿದೆಳೆದು ಮತ್ತೆ ಹೊಡೆದ. ಕಾಗದವನ್ನು ಅವಳ ಮುಖಕ್ಕೆ ಒತ್ತಿ, ಆ ಚುಕ್ಕೆಯ ಮೇಲೆ ಬೆರಳಿಟ್ಟು, “ಇದ್ಯಾರು ಹೇಳು, ಇದ್ಯಾರು ಹೇಳು” ಅಂದ. ಆಮೇಲೆ ಹೊಟ್ಟೆಗೆ ಒದ್ದ. ಅವ್ವನಿಗೆ ಆಗ ಮೂರು ತಿಂಗಳು. ನಾನು ಹೋಗಿ ಅವನ ಕಾಲು ಕಚ್ಚಬೇಕಿತ್ತು. ಕಚ್ಚಲಿಲ್ಲ. ನನ್ನ ಎರಡೂ ಕೈಯಲ್ಲಿ ತಮ್ಮನಿದ್ದ. ಅವನನ್ನು ಕೆಳಗಿಟ್ಟು ಆ ಗಲಾಟೆಯಲ್ಲಿ ಯಾರಾದರೂ ತುಳಿದರೆ ಅವನು ಉಳಿಯುತ್ತಿರಲಿಲ್ಲ. ಹಾಗಾಗಿ ಅವನನ್ನು ಎತ್ತಿಕೊಂಡೇ ನಿಂತೆ. ಎಲ್ಲವನ್ನೂ ನೋಡಿದೆ.

ಅಕ್ಕಪಕ್ಕದವರು ಅದೇ ಆಸ್ಪತ್ರೆಗೇ ಅವ್ವನನ್ನು ಹೊತ್ತು ತಂದರು. ಮೆಟ್ಟಿಲಿಂದ ಬಿದ್ದೆ ಅಂದಳು. ನಮ್ಮದು ಒಂದೇ ಕೋಣೆಯ ಮನೆ, ಮೆಟ್ಟಿಲೇ ಇರಲಿಲ್ಲ. ಯಾರೂ ಕೇಳಲಿಲ್ಲ. ಮರುವರ್ಷ ತಮ್ಮ ಹೋದ. ಅವನ ಮೊದಲ ಹಾಲುಹಲ್ಲು ಬಿತ್ತು. ಆ ಸಣ್ಣ ಗುಳಿಯಿಂದ ನಾಲ್ಕು ದಿನ ರಕ್ತ ಸುರಿಯಿತು. ಅಪ್ಪ ಆ ಕಾಗದ ತೋರಿಸಿಯೇ ಇನ್ನೊಂದು ಮದುವೆ ಮಾಡಿಕೊಂಡ.

ಅವ್ವ ಆಸ್ಪತ್ರೆಯ ಲಾಂಡ್ರಿಗೆ ಸೇರಿದಳು. ಹದಿನಾಲ್ಕಕ್ಕೆ ನಾನೂ ಸೇರಿದೆ. ಲಾಂಡ್ರಿ ನೆಲಮಾಳಿಗೆಯಲ್ಲಿದೆ. ಹೆರಿಗೆ ವಾರ್ಡಿನ ಚಾದರ, ಆಪರೇಷನ್ ಕೋಣೆಯ ಚಾದರ, ಸತ್ತವರ ಚಾದರ ಎಲ್ಲ ಅಲ್ಲಿಗೇ ಬರುತ್ತವೆ. ಗಟ್ಟಿಯಾದ ರಕ್ತವನ್ನು ಮೊದಲು ತಣ್ಣೀರಿನಲ್ಲಿ ಉಜ್ಜಿ ತೆಗೆಯಬೇಕು. ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ಆಮೇಲೆ ಬ್ಲೀಚು. ಆಮೇಲೆ ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು, ಹಿಂಡುವ ಯಂತ್ರ ವರ್ಷದಲ್ಲಿ ಆರು ತಿಂಗಳು ಕೆಟ್ಟಿರುತ್ತದೆ. ಚರ್ಮ ಸುಲಿದು ಸುಲಿದು ನನ್ನ ಬೆರಳುಗಳಲ್ಲಿ ಗೆರೆಯೇ ಉಳಿಯಲಿಲ್ಲ. ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಲಾಂಡ್ರಿ. ಪುಸ್ತಕವನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಓದುತ್ತಿದ್ದೆ. ಹಾಗೇ ವಿಜ್ಞಾನದ ಪದವಿ ಮುಗಿಸಿದೆ. ಪದವಿ ಬಂದ ಮೇಲೂ ಚಾದರವನ್ನೇ ಹಿಂಡುತ್ತಿದ್ದೆ.

ಒಂದು ದಿನ ಮೊದಲ ಮಹಡಿಯ ಕಾರಿಡಾರಿನಲ್ಲಿ ನೋಟೀಸು ಅಂಟಿಸಿದರು. ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವ ಸಮಾಲೋಚಕರ ಕೋರ್ಸು. ಪದವಿಯ ಮೇಲೆ ಎರಡು ವರ್ಷ. ಇದುವರೆಗೆ ಈ ಓದು ಮುಟ್ಟದ ಮನೆಗಳ ಮಕ್ಕಳಿಗೆ ಒಂದು ಟ್ರಸ್ಟಿನವರು ಪೂರ್ತಿ ವಿದ್ಯಾರ್ಥಿವೇತನ ಕೊಡುತ್ತಾರೆ. ಅದನ್ನು ನಾನು ಮೂರು ಸಲ ಓದಿದೆ. ಆ ಹತ್ತು ನಿಮಿಷದ ಕೆಲಸಕ್ಕೆ ಒಂದು ಓದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಬಲಗಿವಿ ನನ್ನ ಕಡೆ ತಿರುಗಿಸಿ ಕೇಳಿದಳು. ಆಮೇಲೆ, “ಚೌಕ ವೃತ್ತ ಬರೆಯೋಕೆ ಎರಡು ವರ್ಷ ಬೇಕಾ? ನಾನು ಒಂದು ದಿನದಲ್ಲಿ ಕಲೀತೀನಿ” ಅಂದಳು. ನಕ್ಕಳು. ಒಂದು ಚಾದರ ಮಡಿಸಿಟ್ಟು, “ಹೋಗು. ಆ ಕುರ್ಚೀಲಿ ನಮ್ಮೋರು ಒಬ್ರು ಕೂರಲಿ” ಅಂದಳು.

ಸಂದರ್ಶನದಲ್ಲಿ ಐದು ಮಂದಿ ಕೂತಿದ್ದರು. ನಡುವೆ ಟ್ರಸ್ಟಿನ ಯಜಮಾನರು. ಅಂಕಪಟ್ಟಿ ತಿರುವಿ ನೋಡಲಿಲ್ಲ.

“ಲಾಂಡ್ರೀಲಿ ಕೆಲಸ ಮಾಡ್ತೀಯಂತೆ. ಎಲ್ಲಿ, ಕೈ ತೋರ್ಸಮ್ಮ” ಅಂದರು.

ತೋರಿಸಿದೆ. ತಿರುಗಿಸು ಅಂದರು, ತಿರುಗಿಸಿದೆ. ಒಬ್ಬನು ಕ್ಯಾಮೆರಾ ತಂದು ನನ್ನ ಎರಡೂ ಅಂಗೈಯ ಫೋಟೋ ತೆಗೆದ. ಮುಖದ ಫೋಟೋ ಯಾರೂ ಕೇಳಲಿಲ್ಲ. ಸಂತೆಯಲ್ಲಿ ದನದ ಹಲ್ಲು ನೋಡುತ್ತಾರಲ್ಲ, ಹಾಗೆ. ನನಗೆ ಆ ಮೇಜು ಎತ್ತಿ ಅವರ ತೊಡೆಯ ಮೇಲೆ ಹಾಕಬೇಕು ಅನ್ನಿಸಿತು. ಹಾಕಲಿಲ್ಲ. ಸೀಟು ಬೇಕಿತ್ತು. ಹಸಿದವರಿಗೆ ಊಟ ಬೇಕಾಗುವಷ್ಟು ಬೇಕಿತ್ತು. ಒಂದು ಕರಾರಿಗೆ ಸಹಿ ಹಾಕಿಸಿಕೊಂಡರು: ನಡತೆಯಲ್ಲಿ ದೂರು ಬಂದರೆ, ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ತಪ್ಪಿದರೆ, ವಿದ್ಯಾರ್ಥಿವೇತನವೂ ಇಲ್ಲ, ಸೀಟೂ ಇಲ್ಲ.

ತರಗತಿಯಲ್ಲಿ ಎಂಟು ಮಂದಿ. ಉಳಿದ ಏಳು ಮಂದಿಯೂ ಡಾಕ್ಟರರ, ಲಾಯರರ ಮಕ್ಕಳು. ನಾನು ಒಳಗೆ ಬಂದರೆ ಒಬ್ಬಳು ಎದ್ದು ಕಿಟಕಿ ತೆರೆಯುತ್ತಿದ್ದಳು. ಸಂಜೆ ಇನ್ನೂ ಲಾಂಡ್ರಿಗೆ ಹೋಗುತ್ತಿದ್ದ ನನಗೆ ಬ್ಲೀಚು ಅಂತ ಹೆಸರಿಟ್ಟರು. ಒಂದು ದಿನ ಕ್ಯಾಂಟೀನಿನಲ್ಲಿ ಅವಳು ತನ್ನ ಬಿಳಿ ಕೋಟು ತಂದು ನನ್ನ ಮುಂದೆ ಹಾಕಿ, “ಈ ಕಲೆ ಹೋಗುತ್ತಾ ನೋಡೇ, ನಿಂಗೆ ಗೊತ್ತಿರುತ್ತಲ್ಲ” ಅಂದಳು. ಮೇಜಿನ ಮೇಲೆ ಟೀ ಚೆಲ್ಲಿತ್ತು. ಆ ಕೋಟಿನಿಂದಲೇ ಟೀ ಒರೆಸಿ, ಮಡಿಸಿ ಅವಳ ಕೈಗೆ ಕೊಟ್ಟೆ. ಲಾಂಡ್ರಿಯಲ್ಲಿ ಮಡಿಸುವ ಹಾಗೆಯೇ ಚೆನ್ನಾಗಿ ಮಡಿಸಿದ್ದೆ. ಆಮೇಲೆ ಯಾರೂ ಕೋಟು ತರಲಿಲ್ಲ.

ವಿಭಾಗದ ಮುಖ್ಯಸ್ಥರು ಅವ್ವನ ವೃತ್ತಕ್ಕೆ ಚುಕ್ಕೆ ಇಟ್ಟ ಅದೇ ಮೇಡಂ. ತಲೆ ನರೆತಿತ್ತು. ನನ್ನ ಗುರುತು ಅವರಿಗೆ ಸಿಗಲಿಲ್ಲ. ದಿನಕ್ಕೆ ಇಪ್ಪತ್ತು ಸಂಸಾರ ನೋಡುವವರಿಗೆ ಹದಿನೈದು ವರ್ಷದ ಹಿಂದೆ ಮೂಲೆಯಲ್ಲಿ ನಿಂತ ಹುಡುಗಿ ಹೇಗೆ ನೆನಪಿರುತ್ತಾಳೆ. ಅವರು ಮೊದಲ ದಿನವೇ ಹೇಳಿದ ನಿಯಮ ಇದು: “ಗಂಡ ಹೆಂಡತಿ ಇಬ್ರನ್ನೂ ಒಟ್ಟಿಗೆ ಕೂರಿಸಿ. ಒಂದೇ ಸಲ ಹೇಳಿ. ಇಬ್ರ ಸಹಿ ತಗೊಳ್ಳಿ. ನಮ್ಮ ಹತ್ರ ಇರೋದು ಒಂದೇ ರೂಮು. ನೀವು ಯಾರ ಕಡೆಯೋರೂ ಅಲ್ಲ, ನೆನಪಿರಲಿ.”

ಎರಡನೆಯ ವರ್ಷದಲ್ಲಿ ಅವರು ಹಳೆಯ ಚಿತ್ರಗಳನ್ನು ಗೋಡೆಯ ಮೇಲೆ ಹಾಕಿ ಪಾಠ ಮಾಡುತ್ತಿದ್ದರು. ಹೆಸರು ಅಳಿಸಿದ ಒಂದು ಚಿತ್ರ ಬಂತು. ಚುಕ್ಕೆಯಿಟ್ಟ ವೃತ್ತ. ಖಾಲಿ ಚೌಕ. ಕೆಳಗೆ ಒಂದು ವೃತ್ತ, ಮಸಿ ತುಂಬಿದ ಒಂದು ಚೌಕ, ಅದರ ಮೇಲೆ ಸತ್ತಿದ್ದಕ್ಕೆ ಒಂದು ಅಡ್ಡಗೀಟು. ಪಕ್ಕದಲ್ಲಿ ಸಾವಿನ ವಯಸ್ಸು ಆರು, ಕಾರಣ ಹಲ್ಲಿನ ರಕ್ತಸ್ರಾವ. ಅವನ ಪಕ್ಕ ಒಂದು ಸಣ್ಣ ತ್ರಿಕೋನ. ಹುಟ್ಟದೆ ಹೋದ ಮಗುವಿಗೆ ತ್ರಿಕೋನ ಹಾಕುತ್ತಾರೆ. ಅದರ ಕೆಳಗೆ ‘ತಾನಾಗಿಯೇ ಆದ ಗರ್ಭಪಾತ’ ಅಂತ ಬರೆದಿತ್ತು. ಅದರ ಕೆಳಗೆ ‘ದಂಪತಿಗೆ ತಿಳಿಹೇಳಲಾಗಿದೆ’ ಅಂತ ಒಂದು ಸರಿ ಗುರುತು.

“ಇದು ಅಚ್ಚುಕಟ್ಟಾದ ಚಿತ್ರ. ನೋಡಿ, ಎಲ್ಲಾ ಗುರುತೂ ಇದೆ” ಅಂದರು ಮೇಡಂ.

ತಾನಾಗಿಯೇ ಆದದ್ದಲ್ಲ, ನನ್ನಪ್ಪ ಒದ್ದು ಆದದ್ದು ಅಂತ ಎದ್ದು ನಿಂತು ಹೇಳಬೇಕಿತ್ತು. ಕರಾರು ನೆನಪಾಯಿತು. ಇನ್ನು ಐದು ತಿಂಗಳು ಉಳಿದಿತ್ತು. ಬಾಯಿ ಮುಚ್ಚಿಕೊಂಡು ಆ ತ್ರಿಕೋನವನ್ನು ನನ್ನ ಪುಸ್ತಕಕ್ಕೆ ಇಳಿಸಿಕೊಂಡೆ, ಪಕ್ಕದಲ್ಲಿ ಅವರು ಹೇಳಿದ್ದನ್ನೇ ಬರೆದೆ. ಆ ದಿನದ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕೊನೆಯ ಪರೀಕ್ಷೆಯ ದಿನ ಬಂತು. ನಿಜವಾದ ದಂಪತಿಗೆ ನಿಜವಾದ ರಿಪೋರ್ಟ್ ತಿಳಿಸಬೇಕು. ಮೇಡಂ ಮೂಲೆಯಲ್ಲಿ ಅಂಕದ ಹಾಳೆ ಹಿಡಿದು ಕೂತಿರುತ್ತಾರೆ. ನನ್ನ ಪಾಲಿಗೆ ಬಂದವನು ಬೈಕ್ ಮೆಕ್ಯಾನಿಕ್. ಉಗುರಿನ ಸಂದಿಯಲ್ಲಿ ಗ್ರೀಸು. ಅವನ ಹೆಂಡತಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಐದು ತಿಂಗಳ ಬಸುರಿ. ತೊಡೆಯ ಮೇಲೆ ಎರಡು ವರ್ಷದ ಗಂಡುಮಗು, ಮೊಣಕಾಲು ಊದಿತ್ತು. ಮಗುವಿನ ಕಾಲಿನಲ್ಲಿ ನೀಲಿ ಕಲೆಗಳಿದ್ದವು. ಅವು ನನಗೆ ಗೊತ್ತು, ತಮ್ಮನ ಮೈಯಲ್ಲಿ ದಿನಾ ನೋಡಿದ್ದೆ. ಅವಳ ರವಿಕೆಯ ತೋಳು ಸ್ವಲ್ಪ ಮೇಲೆ ಸರಿದಿತ್ತು. ಅಲ್ಲೂ ಕಲೆಯಿತ್ತು. ಸಾಲಾಗಿ ನಾಲ್ಕು, ಹಿಂದೆ ಒಂದು. ಕಾಯಿಲೆಯ ಕಲೆಗೆ ಬೆರಳುಗಳಿರುವುದಿಲ್ಲ.

ರಿಪೋರ್ಟ್ ತೆರೆದೆ. ತಾಯಿ ವಾಹಕಿ, ಅಂದರೆ ಚುಕ್ಕೆಯಿಟ್ಟ ವೃತ್ತ. ತಂದೆ ಸರಿ. ನಾನು ಹೇಳಬೇಕಾದ ಮಾತು ಅದೇ, ಆ ಹಳೆಯ ಮಾತೇ.

ರಿಪೋರ್ಟ್ ಮುಚ್ಚಿದೆ.

“ಯಜಮಾನ್ರೇ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನಾನು ಮೊದಲು ಇವ್ರೊಬ್ರ ಹತ್ರಾನೇ ಮಾತಾಡ್ಬೇಕು.”

“ಯಾಕೆ? ಏನಿದೆ ಅದ್ರಲ್ಲಿ?”

“ಆಮೇಲೆ ನಿಮ್ಗೂ ಹೇಳ್ತೀನಿ. ಈಗ ಹೊರಗೆ ಹೋಗಿ.”

“ನನ್ನ ಹೊರಗೆ ಕಳ್ಸಿ ನನ್ನ ಹೆಂಡ್ತಿ ಹತ್ರ ಮಾತಾಡೋಕೆ ನೀನ್ಯಾರು?”

ಮೂಲೆಯಿಂದ ಮೇಡಂ ಕೆಮ್ಮಿದರು. “ಇಬ್ರಿಗೂ ಒಟ್ಟಿಗೇ ಹೇಳ್ಬೇಕು. ನಿಯಮ ಗೊತ್ತಲ್ಲ. ಮುಂದುವರಿಸಿ.”

“ಹೇಳಲ್ಲ ಮೇಡಂ.”

“ಅಂದ್ರೆ?”

“ಇವರೆದುರಿಗೆ ಹೇಳಲ್ಲ. ಆ ತೋಳು ನೋಡಿ.”

ಮೇಡಂ ತೋಳು ನೋಡಲಿಲ್ಲ, ಗೋಡೆಯ ಗಡಿಯಾರ ನೋಡಿದರು. ಹೊರಗೆ ಜನ ಕಾಯುತ್ತಿದ್ದರು. ಎದ್ದು ಬಂದು ನನ್ನ ಮುಂದಿನ ರಿಪೋರ್ಟ್ ಎಳೆದುಕೊಂಡರು. “ನೀವು ಪಕ್ಕಕ್ಕೆ ಬನ್ನಿ. ನಾನೇ ಹೇಳ್ತೀನಿ. ನೋಡಿ ಇವ್ರೇ, ನಿಮ್ಮಲ್ಲಿ ಏನೂ ದೋಷ ಇಲ್ಲ, ಇದು ತಾಯಿ ಕಡೆ...”

ರಿಪೋರ್ಟನ್ನು ಅವರ ಕೈಯಿಂದ ಕಿತ್ತೆ. ಎರಡು ಭಾಗ ಮಾಡಿದೆ. ನಾಲ್ಕು ಮಾಡಿದೆ. ಆದರೆ ಅವನಿಗೆ ಅಷ್ಟು ಸಾಕಾಗಿತ್ತು. ಅವನ ಮುಖ ಬದಲಾದದ್ದನ್ನು ನೋಡಿದೆ. ಅಪ್ಪನ ಮುಖವೂ ಹಾಗೇ ಬದಲಾಗಿತ್ತು. ಸಿಟ್ಟಿಗಿಂತ ಮೊದಲು ಅಲ್ಲಿ ಒಂದು ನೆಮ್ಮದಿ ಬಂತು, ತನ್ನದಲ್ಲವಲ್ಲ ಅನ್ನುವ ನೆಮ್ಮದಿ. ಆಮೇಲೆ ಕೈ ಎತ್ತಿದ.

ಅವಳು ಹೊಡೆತಕ್ಕೆ ಮೊದಲೇ ತಲೆ ತಗ್ಗಿಸಿದಳು. ಅಷ್ಟು ಅಭ್ಯಾಸವಾಗಿತ್ತು. ಅವನು ಕೂದಲು ಹಿಡಿದು ಅವಳ ತಲೆಯನ್ನು ಮೇಜಿಗೆ ಕುಟ್ಟಿದ. ಮಗು ತೊಡೆಯಿಂದ ಜಾರಿತು. ನೆಲ ಮುಟ್ಟುವ ಮೊದಲೇ ನಾನು ಹಿಡಿದೆ. ಹಿಡಿದು ಮೇಡಂ ಕೈಗೆ ಕೊಟ್ಟೆ.

“ಎತ್ಕೊಂಡಿರಿ. ಏನಾದ್ರೂ ಆಗ್ಲಿ, ಕೆಳಗೆ ಬಿಡ್ಬೇಡಿ, ಬಿದ್ರೆ ಸಾಯ್ತಾನೆ” ಅಂದೆ.

ಹದಿನೇಳು ವರ್ಷದ ಹಿಂದೆ ನನ್ನ ಕೈ ಖಾಲಿ ಇರಲಿಲ್ಲ. ಈಗ ಖಾಲಿ ಇತ್ತು.

ಅವನು ಹೊಟ್ಟೆಗೆ ಕಾಲೆತ್ತಿದಾಗ ನಡುವೆ ನುಗ್ಗಿದೆ. ಒದೆ ನನ್ನ ತೊಡೆಗೆ ಬಿತ್ತು. ಅವನು ಬಿಟ್ಟ ಗುದ್ದಿಗೆ ನನ್ನ ತುಟಿ ಒಡೆಯಿತು. ಹೆಂಡತಿಯ ಕೂದಲು ಹಿಡಿದಿದ್ದ ಅವನ ಕೈಯನ್ನು ನಾನು ಎರಡೂ ಕೈಯಲ್ಲಿ ಹಿಡಿದೆ. ಹದಿಮೂರು ವರ್ಷ ಒದ್ದೆ ಚಾದರ ಹಿಂಡಿದ ಕೈ ನನ್ನದು. ಹಿಂಡಿದೆ. ಮಣಿಕಟ್ಟಿನ ಒಳಗೆ ಏನೋ ಲಟಕ್ ಅಂತು. ಕೂದಲು ಬಿಟ್ಟ. ಕೂಗಿದ. ನಾನು ಬಿಡಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದೆ. ಅದು ಬೇಕಿರಲಿಲ್ಲ ಅಂತ ಆಮೇಲೆ ವಿಚಾರಣೆಯಲ್ಲಿ ಹೇಳಿದರು. ಹೌದು, ಅವನ ಪಾಲಿಗೆ ಬೇಕಿರಲಿಲ್ಲ. ಆ ಎರಡನೆಯ ಸುತ್ತು ಅಪ್ಪನದು.

ಮೇಡಂ ಗೋಡೆಗೆ ಒತ್ತಿ ನಿಂತಿದ್ದರು. ಮಗುವನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದರು. ಕೈ ಬಿಡುವ ಹಾಗಿಲ್ಲ, ಕಣ್ಣು ಮುಚ್ಚುವ ಹಾಗೂ ಇಲ್ಲ. ಎಲ್ಲವನ್ನೂ ನೋಡಿದರು.

ಆಗ ಗಂಟೆ ಹನ್ನೊಂದು. ದಿನಾ ಆ ಹೊತ್ತಿಗೆ ಅವ್ವ ಕೊಳೆ ಚಾದರದ ತಳ್ಳುಗಾಡಿಯೊಂದಿಗೆ ಆ ಕಾರಿಡಾರಿಗೆ ಬರುತ್ತಾಳೆ. ಬಾಗಿಲಲ್ಲಿ ನಿಂತು ನೋಡಿದಳು. ಮೇಡಂ ಕೈಯಿಂದ ಮಗುವನ್ನು ತೆಗೆದುಕೊಂಡಳು, ಆ ಹೆಣ್ಣುಮಗಳ ರಟ್ಟೆ ಹಿಡಿದು, “ಬಾ ಮಗಳೆ, ಇದ್ರೊಳಗೆ ಕೂತ್ಕೋ. ವಾಸ್ನೆ ಬರುತ್ತೆ, ತಡ್ಕೋ” ಅಂದಳು. ಬಸುರಿಯನ್ನೂ ಮಗುವನ್ನೂ ಗಾಡಿಯಲ್ಲಿ ಕೂರಿಸಿ ಮೇಲೆ ಚಾದರ ಹೊದಿಸಿ ತಳ್ಳಿಕೊಂಡು ಹೋದಳು. ಗಾಡಿ ಮರೆಯಾಗುವವರೆಗೆ ನಾನು ಅವನನ್ನು ಕೋಣೆಯಿಂದ ಹೊರಗೆ ಬಿಡಲಿಲ್ಲ. ಅವನು ಮುರಿದ ಕೈ ಹಿಡಿದುಕೊಂಡು ಗೇಟಿನಲ್ಲಿ, ಬಸ್ ನಿಲ್ದಾಣದಲ್ಲಿ, ವಾರ್ಡುಗಳಲ್ಲಿ ಹುಡುಕಿದ. ಸತ್ತವರ ಚಾದರದ ಗಾಡಿಯಲ್ಲಿ ಯಾರು ಹುಡುಕುತ್ತಾರೆ. ಲಾಂಡ್ರಿಯ ಹಿಂಬಾಗಿಲಿಂದ ಅವಳು ತನ್ನ ಅಕ್ಕನ ಮನೆ ಸೇರಿಕೊಂಡಳು.

ನನ್ನ ತುಟಿ ಎರಡು ದಿನ ಒಸರಿತು. ನನ್ನ ರಕ್ತವೂ ಬೇಗ ನಿಲ್ಲುವುದಿಲ್ಲ. ಪರೀಕ್ಷೆ ಮಾಡಿಸಿಕೊಂಡಿದ್ದೇನೆ, ನನ್ನ ವೃತ್ತದಲ್ಲೂ ಚುಕ್ಕೆ ಇದೆ.

ಮೂರನೆಯ ದಿನ ವಿಚಾರಣೆ. ಸಂದರ್ಶನ ನಡೆದ ಅದೇ ಕೋಣೆ, ಅದೇ ಮೇಜು, ಅದೇ ಯಜಮಾನರು. ಮೇಡಂ ತಲೆ ತಗ್ಗಿಸಿ ಕೂತಿದ್ದರು. ಮನೆಯಲ್ಲಿ ಅಪ್ಪ ಅವ್ವನನ್ನು ಹೊಡೆದದ್ದನ್ನು ನೋಡಿದ್ದೇನೆ, ಅದಕ್ಕೇ ತಡೆದೆ ಅಂತ ನಾನು ಬರೆದುಕೊಟ್ಟಿದ್ದ ಹೇಳಿಕೆ ಯಜಮಾನರ ಮುಂದಿತ್ತು. ಅವರು ಒಂದು ಪತ್ರ ಮುಂದೆ ತಳ್ಳಿದರು. ‘ನನ್ನ ಮನೆಯ ವಿಷಯವನ್ನು ಕೆಲಸದೊಳಗೆ ತಂದು ನಿಯಮ ಮುರಿದಿದ್ದೇನೆ, ಕ್ಷಮೆ ಕೋರುತ್ತೇನೆ’ ಅಂತ ಟೈಪ್ ಮಾಡಿಸಿದ್ದರು.

“ಸಹಿ ಹಾಕಮ್ಮ. ಮತ್ತೊಂದ್ಸಲ ಪರೀಕ್ಷೆಗೆ ಅವಕಾಶ ಕೊಡ್ತೀವಿ. ನಿಮ್ಮಂಥೋರಿಗೆ ಅಂತಾನೇ ಅಲ್ವಾ ಇದನ್ನ ಮಾಡಿರೋದು.”

“ನಮ್ಮಂಥೋರು ಬೇಕು ಅಂತೀರಿ. ನಮ್ಗೆ ಗೊತ್ತಿರೋದು ಮಾತ್ರ ಬೇಡ ನಿಮ್ಗೆ.”

“ಅದೆಲ್ಲ ಬೇಡ. ಸಹಿ ಹಾಕ್ತೀಯೋ ಇಲ್ವೋ?”

“ಆ ನಿಯಮ ಮೊದಲು ನನ್ನ ಅವ್ವನ ಕಿವಿ ಮುರೀತು. ಅದು ನಮ್ಮನೆ ವಿಷ್ಯ ಅಲ್ಲ, ನಿಮ್ಮ ರೂಮಿನ ವಿಷ್ಯ. ಮೇಡಂ, ನಿಮ್ಮ ಪಾಠದಲ್ಲಿ ಒಂದು ಅಚ್ಚುಕಟ್ಟಾದ ಚಿತ್ರ ಇದೆಯಲ್ಲ, ಆರು ವರ್ಷದ ಹುಡುಗ, ಹಲ್ಲು. ಅವನು ನನ್ನ ತಮ್ಮ. ಆ ತ್ರಿಕೋನ ತಾನಾಗಿಯೇ ಬಿದ್ದಿದ್ದಲ್ಲ. ನೀವು ಕೊಟ್ಟ ಕಾಗದ ಹಿಡ್ಕೊಂಡು ಅಪ್ಪ ಒದ್ದಿದ್ದು. ತಿದ್ದಿಕೊಳ್ಳಿ.”

ಮೇಡಂ ತಲೆಯೆತ್ತಿದರು. ಬಾಯಿ ತೆರೆದರು. ನಾನು ಅವರ ಮಾತಿಗೆ ಕಾಯಲಿಲ್ಲ. ಪತ್ರವನ್ನು ಸಹಿಯಿಲ್ಲದೆ ವಾಪಸು ತಳ್ಳಿ ಎದ್ದುಬಂದೆ.

ಸೀಟು ಹೋಯಿತು. ಮಾರನೆಯ ದಿನ ಲಾಂಡ್ರಿಗೆ ಇಳಿದೆ. ಜೊತೆಯವರು ಚಾದರದ ಒಂದು ತುದಿ ನನ್ನ ಕೈಗೆ ಕೊಟ್ಟರು. ತಿಂಗಳಾಗುವುದರೊಳಗೆ ಕಾರಿಡಾರಿನಲ್ಲಿ ಮುಂದಿನ ವರ್ಷದ ವಿದ್ಯಾರ್ಥಿವೇತನದ ನೋಟೀಸು ಬಂತು. ಈ ಸಲ ಬಣ್ಣದ್ದು. ಅದರಲ್ಲಿ ಎರಡು ಅಂಗೈಯ ಫೋಟೋ. ಸುಲಿದ ಚರ್ಮ, ಗೆರೆಯಿಲ್ಲದ ಬೆರಳು. ನನ್ನವೇ. ನಾನು ಇನ್ನೊಂದು ಅರ್ಜಿ ಬರೆದು ಕೊಟ್ಟು ಬಂದಿದ್ದೇನೆ. ನನ್ನ ಜೊತೆ ಲಾಂಡ್ರಿಯ ಇನ್ನಿಬ್ಬರು ಹುಡುಗಿಯರ ಕೈಲೂ ಹಾಕಿಸಿದ್ದೇನೆ. ಕೈ ತೋರಿಸು ಅಂದರೆ ಅಂಕಪಟ್ಟಿ ತೋರಿಸಿ ಅಂತ ಹೇಳಿಕೊಟ್ಟಿದ್ದೇನೆ. ಆ ಕುರ್ಚಿ ಯಾರೂ ಕೊಡುವ ದಾನವಲ್ಲ.

ಹೋದ ವಾರ ಮಧ್ಯಾಹ್ನ ಲಾಂಡ್ರಿಯ ಹಿಂಬಾಗಿಲಿಗೆ ಒಬ್ಬಳು ಬಂದು ನಿಂತಳು. ಆ ಮೆಕ್ಯಾನಿಕ್‌ನ ಹೆಂಡತಿ. ಹೊಟ್ಟೆ ಮುಂದೆ ಬಂದಿತ್ತು. ಹಣೆಯ ಗಾಯ ಮಾಗಿತ್ತು. ಮಗು ಅವಳ ಅಕ್ಕನ ಹತ್ತಿರ ಇತ್ತು.

“ಅಕ್ಕಾ, ಆ ಹರಿದ ಕಾಗದದಲ್ಲಿ ಏನಿತ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ.”

ಅವಳನ್ನು ಇಸ್ತ್ರಿ ಮೇಜಿನ ಪಕ್ಕ ಮಡಿಸಿದ ಚಾದರಗಳ ಮೇಲೆ ಕೂರಿಸಿದೆ. ಚಾದರಕ್ಕೆ ವಾರ್ಡಿನ ನಂಬರು ಹಾಕುವ ಮೇಣದ ಬಳಪ ತೆಗೆದುಕೊಂಡು ಒದ್ದೆ ನೆಲದ ಮೇಲೆ ವೃತ್ತ ಬರೆದೆ, ಚೌಕ ಬರೆದೆ. ನಿಧಾನವಾಗಿ ಹೇಳಿದೆ. ಹುಟ್ಟುವ ಮಗು ಗಂಡಾದರೆ ಕಾಯಿಲೆ ಬರುವ ಸಾಧ್ಯತೆ ಅರ್ಧ, ಬರದಿರುವ ಸಾಧ್ಯತೆ ಅರ್ಧ ಅಂದೆ. ಈಗ ಇಂಜೆಕ್ಷನ್ ಇದೆ, ಹಲ್ಲು ಬಿದ್ದರೆ ಮಕ್ಕಳು ಸಾಯಬೇಕಿಲ್ಲ ಅಂದೆ. ಹೆರಿಗೆಗೆ ಮೊದಲೇ ಡಾಕ್ಟರಿಗೆ ತಿಳಿಸಬೇಕು ಅಂದೆ. ಅವಳು ಪ್ರಶ್ನೆ ಕೇಳಿದಳು, ಕೇಳಿದ್ದನ್ನೇ ಮತ್ತೆ ಕೇಳಿದಳು. ಒಂದು ಗಂಟೆ ಹಿಡಿಯಿತು. ಹೊರಗೆ ಯಾರೂ ಕಾಯುತ್ತಿರಲಿಲ್ಲ.

ಕೊನೆಗೆ ತಲೆ ತಗ್ಗಿಸಿ ಕೇಳಿದಳು. “ಹಾಗಾದ್ರೆ ತಪ್ಪು ನಂದೇನಾ ಅಕ್ಕಾ?”

“ಅಲ್ಲ. ಇದನ್ನ ನೀನು ಮಾಡಿದ್ದಲ್ಲ. ನಿಮ್ಮವ್ವ ಮಾಡಿದ್ದೂ ಅಲ್ಲ. ಯಾರಿಗೆ ಯಾವುದು ಬರುತ್ತೆ ಅನ್ನೋದು ಯಾರ ಕೈಲೂ ಇಲ್ಲ. ನಿನ್ನದು ತಪ್ಪಿಲ್ಲ.”

ಪಕ್ಕದ ತೊಟ್ಟಿಯಲ್ಲಿ ನೀರಿನ ಸದ್ದು ನಿಂತಿತು. ತಿರುಗಿ ನೋಡಿದೆ. ಅವ್ವ ಚಾದರ ಉಜ್ಜುವುದನ್ನು ನಿಲ್ಲಿಸಿದ್ದಳು. ಮೊಣಕೈವರೆಗೆ ಕೆಂಪು ನೀರು. ನೆಲದ ಮೇಲಿನ ಚುಕ್ಕೆಯಿಟ್ಟ ವೃತ್ತವನ್ನೇ ನೋಡುತ್ತಿದ್ದಳು. ಎರಡು ವರ್ಷ ಓದಿ ಬಂದ ನಾನು, ಈ ಮಾತಿಗಾಗಿಯೇ ಓದಲು ಹೋದ ನಾನು, ಇದನ್ನು ಒಂದು ದಿನವೂ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಅವ್ವ ಕೈ ಒರೆಸಿಕೊಂಡು ಬಂದಳು. ನನ್ನ ಎದುರಿಗೆ ಆ ಒದ್ದೆ ನೆಲದ ಮೇಲೆಯೇ ಕೂತಳು. ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.

“ಈಗ ಹೇಳಿದ್ಯಲ್ಲ, ಕೊನೇ ಮಾತು. ಇನ್ನೊಂದ್ಸಲ ಹೇಳು” ಅಂದಳು.